ಬಾಗಿಲಲ್ಲಿ ಕಾದವರ ಚಿತ್ರಕಾರ
(ರೇಡಿಯೋ ಭಾಷಣ)

ತರೀಕೆರೆಯಲ್ಲಿ ನಾನು ಹುಡುಗನಾಗಿದ್ದ ಕಾಲದಲ್ಲಿ ಜ್ವರ ಬಂದರೆ ನನಗೆ ಒಳಗೊಳಗೇ ಹಿಗ್ಗು. ಶಾಲೆ ತಪ್ಪುತ್ತದೆಂಬುದು ಅದಕ್ಕೆ ಒಂದು ಕಾರಣವಾದರೂ ಮುಖ್ಯ ಕಾರಣ ಬೇರೆಯಿತ್ತು. ನಮ್ಮ ಮನೆಯವರು ಕರೆದೊಯ್ಯುತ್ತಿದ್ದ ಡಾಕ್ಟರ ಷಾಪಿನಲ್ಲಿ, ಕಾಂಪೌಂಡರು ಕೆಂಪು ಔಷಧವನ್ನು ಸೀಸೆಗೆ ಬಗ್ಗಿಸುತ್ತಿದ್ದ ಕಿಟಕಿಯ ಪಕ್ಕದ ಗೋಡೆಯಲ್ಲಿ, ಕಟ್ಟು ಹಾಕಿಸಿದ ಒಂದು ದೊಡ್ಡ ಚಿತ್ರವಿತ್ತು. ಬಡವರ ಮನೆಯ ಒಳಭಾಗ. ಎರಡು ಕುರ್ಚಿಗಳನ್ನು ಜೋಡಿಸಿ ಮಾಡಿದ ಹಾಸಿಗೆಯ ಮೇಲೆ ಕಾಯಿಲೆಯ ಮಗುವೊಂದು ಮಲಗಿದೆ. ಗಡ್ಡದ ಡಾಕ್ಟರೊಬ್ಬರು ಗದ್ದಕ್ಕೆ ಕೈಕೊಟ್ಟು ಮಗುವನ್ನೇ ನೋಡುತ್ತ ಕುಳಿತಿದ್ದಾರೆ. ಹಿಂದೆ ಕತ್ತಲಲ್ಲಿ ತಾಯಿ ಮೇಜಿನ ಮೇಲೆ ತಲೆಯಿಟ್ಟುಕೊಂಡಿದ್ದಾಳೆ. ತಂದೆ ಅವಳ ಹೆಗಲ ಮೇಲೆ ಕೈಯಿಟ್ಟು, ಡಾಕ್ಟರ ಮುಖವನ್ನೇ ನೋಡುತ್ತ ನಿಂತಿದ್ದಾನೆ. ಸರದಿ ಬರುವವರೆಗೂ ನಾನು ಆ ಚಿತ್ರದ ಮುಂದೆ ನಿಂತಿರುತ್ತಿದ್ದೆ. ಒಂದು ದಿನ ಧೈರ್ಯಮಾಡಿ ಕೇಳಿಯೇಬಿಟ್ಟೆ: "ಆ ಮಗು ಬದುಕಿತೇ, ಡಾಕ್ಟರೇ?" ಅವರು ಕತ್ತು ತಿರುಗಿಸಿ, ಆಗಲೇ ಮೊದಲ ಸಲ ಅದನ್ನು ನೋಡುವವರಂತೆ ನೋಡಿ, "ಕಿಟಕಿಯಲ್ಲಿ ಬೆಳಕು ಹರಿಯುತ್ತಿದೆ ನೋಡಪ್ಪ, ಬದುಕಿರಬೇಕು" ಎಂದರು.

ಆ ಚಿತ್ರವನ್ನು ಬರೆದವನು ಇಂಗ್ಲೆಂಡಿನ ಲ್ಯೂಕ್ ಫೈಲ್ಡ್ಸ್ ಎಂದೂ, ಅದರ ಹೆಸರು 'ಡಾಕ್ಟರ್' ಎಂದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಹೆಸರು ತಿಳಿದ ಮೇಲೆ ಅವನ ಜೀವನವನ್ನು ತಿಳಿಯುವ ಆಸೆ ಹುಟ್ಟಿತು. ಅರಮನೆಗಳಲ್ಲಿ ಅರಸರ ಭಾವಚಿತ್ರ ಬರೆದು 'ಸರ್' ಎನ್ನಿಸಿಕೊಂಡ ಈತ ತನ್ನ ವೃತ್ತಿಯನ್ನು ಆರಂಭಿಸಿದ್ದು ವಾರಪತ್ರಿಕೆಗಳಿಗೂ ಮಾಸಪತ್ರಿಕೆಗಳಿಗೂ ಕಥೆಯ ಚಿತ್ರ, ಸುದ್ದಿಯ ಚಿತ್ರ ಬರೆಯುವವನಾಗಿ. ಈ ಹೊತ್ತು ನಾನು ಹೇಳಹೊರಟಿರುವುದು ಆ ಪತ್ರಿಕಾ ಚಿತ್ರಕಾರನ ಸಂಗತಿಯನ್ನು. ಕಡೂರು, ತರೀಕೆರೆ, ಅಜ್ಜಂಪುರಗಳ ಮಣ್ಣಿನವನಿಗೆ ಲಂಡನ್ನಿನ ಪತ್ರಿಕೆಯ ಚಿತ್ರಕಾರನ ಗೊಡವೆ ಏಕೆ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವಿದೆ, ಅದು ನಮ್ಮ ಮನೆಯ ಮಾತು. ಮುಂದೆ ಹೇಳುತ್ತೇನೆ.

ಫೈಲ್ಡ್ಸ್ ಹುಟ್ಟಿದ್ದು 1843ರಲ್ಲಿ, ಲಿವರ್‌ಪೂಲ್ ನಗರದಲ್ಲಿ. ಅವನನ್ನು ಸಾಕಿ ಬೆಳೆಸಿದವಳು ಅವನ ಅಜ್ಜಿ ಮೇರಿ ಫೈಲ್ಡ್ಸ್. ಈಕೆ ಸಾಮಾನ್ಯಳಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದಾನದ ಹಕ್ಕನ್ನು ಕೇಳಲು ನೆರೆದಿದ್ದ ಬಡ ಜನರ ಮೇಲೆ ಕುದುರೆಯ ಪಡೆ ಕತ್ತಿ ಹಿರಿದು ನುಗ್ಗಿತಲ್ಲವೆ? ಚರಿತ್ರೆಯಲ್ಲಿ ಪೀಟರ್ಲೂ ಹತ್ಯಾಕಾಂಡವೆಂದು ಹೆಸರಾದ ಆ ದಿನ ವೇದಿಕೆಯ ಮೇಲಿದ್ದು ಪೆಟ್ಟು ತಿಂದವರಲ್ಲಿ ಮೇರಿ ಒಬ್ಬಳು. ಮ್ಯಾಂಚೆಸ್ಟರಿನ ಮಹಿಳಾ ಸುಧಾರಣಾ ಸಂಘದ ಅಧ್ಯಕ್ಷೆ. ಇಂಥ ಅಜ್ಜಿಯ ಮಡಿಲಲ್ಲಿ ಕುಳಿತು ಮೊಮ್ಮಗ ಯಾವ ಕಥೆಗಳನ್ನು ಕೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ವಾರಿಂಗ್ಟನ್ನಿನ ಕಲಾಶಾಲೆಯಲ್ಲಿ ಓದಿ, 1863ರಲ್ಲಿ ಅವನು ಲಂಡನ್ನಿಗೆ ಬಂದ. ಹೊಟ್ಟೆಪಾಡಿಗಾಗಿ ಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯತೊಡಗಿದ.

ಅಂದಿನ ಪತ್ರಿಕೆಯ ಚಿತ್ರ ಹೇಗೆ ಸಿದ್ಧವಾಗುತ್ತಿತ್ತೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಛಾಯಾಚಿತ್ರವನ್ನು ನೇರವಾಗಿ ಪತ್ರಿಕೆಯ ಪುಟಕ್ಕೆ ತರುವ ವಿದ್ಯೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ತುಂಡನ್ನು ನಯಮಾಡಿ, ಅದರ ಮೇಲೆ ಚಿತ್ರಕಾರ ಎಡಬಲಗಳನ್ನು ತಿರುವುಮುರುವಾಗಿಸಿ ಚಿತ್ರ ಬರೆಯಬೇಕು. ಆ ಮರ ದಪ್ಪವಾಗಿ ಬೆಳೆಯುವುದಿಲ್ಲವಾಗಿ, ಇಡೀ ಪುಟದ ಚಿತ್ರವೆಂದರೆ ಹಲವು ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿದ ಹಲಗೆ. ಚಿತ್ರ ಮುಗಿದೊಡನೆ ಹಲಗೆಯನ್ನು ಬಿಚ್ಚಿ, ತುಂಡಿಗೊಬ್ಬ ಕೆತ್ತನೆಗಾರನಂತೆ ಹಂಚುವರು. ಅವರು ದೀಪದ ಬೆಳಕಿನಲ್ಲಿ ರಾತ್ರಿಯೆಲ್ಲ ಕೆತ್ತಿ ಮುಗಿಸಿದರೆ ಬೆಳಗ್ಗೆ ಮತ್ತೆ ಜೋಡಣೆ. ಒಬ್ಬ ಹಿರಿಯ ಕೆತ್ತನೆಗಾರ ಸಂದುಗಳನ್ನು ಸರಿಮಾಡಿ ಅಚ್ಚಿಗೆ ಕೊಡುವನು. ಒಬ್ಬನಿಗೆ ಮೋಡ, ಒಬ್ಬನಿಗೆ ಗೋಡೆ, ಇನ್ನೊಬ್ಬನಿಗೆ ಮನುಷ್ಯನ ಅರ್ಧ ಮುಖ! ಓದುಗನ ಕೈಗೆ ಬರುವ ಚಿತ್ರದಲ್ಲಿ ಚಿತ್ರಕಾರನ ಗೆರೆ ಎಷ್ಟು, ಕೆತ್ತಿದವರ ಗೆರೆ ಎಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಇವರಲ್ಲಿ ಹೆಚ್ಚಿನವರ ಹೆಸರನ್ನು ಓದುಗರು ಕೇಳಲೂ ಇಲ್ಲ. ನಮ್ಮ ವಾರಪತ್ರಿಕೆಗಳಲ್ಲಿಯೂ ಕಥೆಯನ್ನು ಓದಿ ಕಣ್ಣೊರಸಿಕೊಂಡವರು ಚಿತ್ರದ ಮೂಲೆಯ ಸಣ್ಣ ಸಹಿಯನ್ನು ಓದುವುದು ಅಪರೂಪವೇ.

1869ರಲ್ಲಿ ವಿಲಿಯಂ ಲೂಸನ್ ಥಾಮಸ್ ಎಂಬಾತ 'ಗ್ರಾಫಿಕ್' ಎಂಬ ಹೊಸ ವಾರಪತ್ರಿಕೆಯನ್ನು ಹೊರಡಿಸಿದ. ಆಗ ಲಂಡನ್ನಿನಲ್ಲಿ ಸಚಿತ್ರ ವಾರಪತ್ರಿಕೆಯೆಂದರೆ 1842ರಿಂದ ನಡೆದುಬಂದಿದ್ದ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'. ಥಾಮಸನೂ ಅದಕ್ಕೆ ಕೆಲಸಮಾಡಿದ್ದ ಕೆತ್ತನೆಗಾರನೇ. ಆದರೆ ಚಿತ್ರವೆಂಬುದು ಸುದ್ದಿಗೆ ತೊಡಿಸುವ ಒಡವೆಯಲ್ಲ, ಅದು ಜನರ ಮನಸ್ಸನ್ನು ತಿರುಗಿಸಬಲ್ಲದು ಎಂಬ ನಂಬಿಕೆ ಅವನದು. ಡಿಸೆಂಬರ್ 4ರಂದು ಬರಲಿದ್ದ ಮೊದಲ ಸಂಚಿಕೆಗೆ, ತನಗೆ ತೋಚಿದ ವಿಷಯದ ಮೇಲೆ ಒಂದು ಚಿತ್ರ ಬರೆದುಕೊಡೆಂದು ಫೈಲ್ಡ್ಸನನ್ನು ಕೇಳಿದ. ಫೈಲ್ಡ್ಸನಿಗೆ ತಾನು ಲಂಡನ್ನಿಗೆ ಬಂದ ಹೊಸದರಲ್ಲಿ ಒಂದು ಚಳಿಗಾಲದ ರಾತ್ರಿ ಕಂಡ ನೋಟ ನೆನಪಿಗೆ ಬಂತು. ಪೊಲೀಸ್ ಠಾಣೆಯ ಹೊರಗೆ, ಗೋಡೆಗೆ ಒತ್ತಿಕೊಂಡು, ಮನೆಮಠವಿಲ್ಲದವರ ಒಂದು ಸಾಲು. ಅಲ್ಲಿ ಚೀಟಿ ಸಿಕ್ಕಿದರೆ ಬಡವರ ವರ್ಕ್‌ಹೌಸಿನಲ್ಲಿ ಒಂದು ರಾತ್ರಿ ತಲೆಯಿಡಲು ಜಾಗ. ಅದನ್ನೇ ಬರೆದ. 'ಮನೆಯಿಲ್ಲದವರು, ಹಸಿದವರು' ಎಂದು ಆ ಚಿತ್ರದ ಹೆಸರು.

ಈ ಚಿತ್ರದ ಹಿರಿಮೆ ಎಲ್ಲಿದೆಯೆಂದರೆ, ಸಾಲಿನಲ್ಲಿ ನಿಂತವರು ಒಂದು ಗುಂಪಲ್ಲ. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡ ತಾಯಿಯ ದುಃಖ ಒಂದು. ಹಿಂದೆ ಬಾಳಿ ಈಗ ಕೆಟ್ಟವನ ನಾಚಿಕೆ ಇನ್ನೊಂದು. ಕುಡಿದು ಕೆಟ್ಟವನ ಮರವೆ ಮತ್ತೊಂದು. ಒಬ್ಬೊಬ್ಬರೂ ಬೇರೆ ಬೇರೆ ದಾರಿಯಿಂದ ಆ ಬಾಗಿಲಿಗೆ ಬಂದವರೆಂಬುದು ನೋಡಿದೊಡನೆ ತಿಳಿಯುತ್ತದೆ. ಚಿತ್ರಕಾರ ಅವರನ್ನು ಎಣಿಸಲಿಲ್ಲ, ಗುರುತಿಸಿದ.

ಆ ಸಂಚಿಕೆಯನ್ನು ಕಂಡ ಹಿರಿಯ ಕಲಾವಿದ ಮಿಲೇ ಅದನ್ನು ಡಿಕನ್ಸನ ಗಮನಕ್ಕೆ ತಂದ. ಡಿಕನ್ಸ್ ಆಗ ತನ್ನ 'ಎಡ್ವಿನ್ ಡ್ರೂಡನ ರಹಸ್ಯ' ಎಂಬ ಹೊಸ ಕಾದಂಬರಿಗೆ ಚಿತ್ರಕಾರನನ್ನು ಹುಡುಕುತ್ತಿದ್ದ. ಮೊದಲು ಒಪ್ಪಿಕೊಂಡಿದ್ದ ಅವನ ಅಳಿಯ ಅನಾರೋಗ್ಯದಿಂದ ಕೈಬಿಟ್ಟಿದ್ದ. ಹೀಗೆ ಇಪ್ಪತ್ತಾರು ವರ್ಷದ ತರುಣನಿಗೆ ಇಂಗ್ಲೆಂಡಿನ ಅತ್ಯಂತ ಜನಪ್ರಿಯ ಕಾದಂಬರಿಕಾರನ ಸಹವಾಸ ದೊರೆಯಿತು. 1870ರ ಏಪ್ರಿಲ್ ತಿಂಗಳಿಂದ ಕಾದಂಬರಿ ಕಂತುಕಂತಾಗಿ ಹೊರಬಿತ್ತು. ಕಥೆಯ ಒಂದು ಪಾತ್ರಕ್ಕೆ ಕೊರಳವಸ್ತ್ರವನ್ನು ಎರಡು ಸುತ್ತು ಸುತ್ತಬೇಕೆಂದು ಡಿಕನ್ಸ್ ಹೇಳಿದಾಗ, ಏಕೆಂದು ಚಿತ್ರಕಾರ ಕೇಳಿದನಂತೆ. ಗುಟ್ಟಾಗಿರಲೆಂದು ಮಾತು ತೆಗೆದುಕೊಂಡು, ಅದರಿಂದಲೇ ಕೊಲೆ ನಡೆಯಬೇಕಾಗಿದೆ ಎಂದನಂತೆ ಡಿಕನ್ಸ್. ಆದರೆ ಹನ್ನೆರಡು ಕಂತುಗಳಲ್ಲಿ ಆರು ಮಾತ್ರ ಸಿದ್ಧವಾಗಿರುವಾಗ, ಜೂನ್ 9ರಂದು ಡಿಕನ್ಸ್ ತೀರಿಕೊಂಡ. ಅಂತ್ಯಕ್ರಿಯೆ ಮುಗಿದ ಮೇಲೆ ಅವನ ಮನೆಗೆ ಹೋದ ಫೈಲ್ಡ್ಸ್ ಬರವಣಿಗೆಯ ಕೋಣೆಯಲ್ಲಿ ಮೇಜಿನಿಂದ ಹಿಂದಕ್ಕೆ ಸರಿಸಿದ್ದ ಕುರ್ಚಿಯನ್ನು ಕಂಡು ಅದನ್ನೇ ಬರೆದ. 'ಬರಿದಾದ ಕುರ್ಚಿ' ಎಂಬ ಆ ಚಿತ್ರ ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ 'ಗ್ರಾಫಿಕ್' ಪತ್ರಿಕೆಯಲ್ಲಿ ಅಚ್ಚಾಗಿ ಮನೆಮನೆಯ ಗೋಡೆಗೇರಿತು. ಮುಂದೆ, 1883ರಲ್ಲಿ, ಹಾಲೆಂಡಿನ ಬಡ ಚಿತ್ರಕಾರನೊಬ್ಬ 'ಗ್ರಾಫಿಕ್'ನ ಹಳೆಯ ಸಂಪುಟಗಳನ್ನು ಇದ್ದಬದ್ದ ಹಣಕ್ಕೆ ಕೊಂಡು ಅದರ ಚಿತ್ರಗಳನ್ನು ಪೂಜ್ಯವಸ್ತುಗಳಂತೆ ಕಾಪಾಡಿಕೊಂಡ. ಬರಿದಾದ ಕುರ್ಚಿಯನ್ನು ಅವನೂ ಮರೆಯಲಿಲ್ಲ. 1888ರಲ್ಲಿ ಎರಡು ಕುರ್ಚಿಗಳ ಚಿತ್ರವನ್ನು ತಾನೂ ಬರೆದ. ಅವನ ಹೆಸರು ವಿನ್ಸೆಂಟ್ ವಾನ್ ಗೋ.

ಫೈಲ್ಡ್ಸ್ ಮಾತ್ರ ಅಷ್ಟರಲ್ಲಿ ಪತ್ರಿಕೆಗಳನ್ನು ಬಿಟ್ಟು ತೈಲಚಿತ್ರಕ್ಕೆ ತಿರುಗಿದ್ದ. 1874ರಲ್ಲಿ ತನ್ನ ಆ ಹಳೆಯ ಸಾಲನ್ನೇ ದೊಡ್ಡ ತೈಲಚಿತ್ರವನ್ನಾಗಿ ಮಾಡಿ ರಾಯಲ್ ಅಕಾಡೆಮಿಯಲ್ಲಿ ತೂಗುಹಾಕಿದಾಗ, ನುಗ್ಗುತ್ತಿದ್ದ ಜನವನ್ನು ತಡೆಯಲು ಕಟಕಟೆ ಕಟ್ಟಿ ಪೊಲೀಸಿನವನನ್ನು ನಿಲ್ಲಿಸಬೇಕಾಯಿತು. ಆ ಚಿತ್ರದಲ್ಲಿ ಹಸಿದವರು ಒರಗಿರುವ ಗೋಡೆಯ ಮೇಲೆ ಕೆಲವು ಪ್ರಕಟಣೆಗಳನ್ನು ಅಂಟಿಸಿದೆ. ಕಳೆದುಹೋದ ಮುದ್ದುನಾಯಿಯನ್ನು ಹುಡುಕಿಕೊಟ್ಟವರಿಗೆ 20 ಪೌಂಡು ಬಹುಮಾನ. ಯಾರೋ ತೊರೆದುಹೋದ ಮಗುವಿನ ವಿಷಯ ತಿಳಿಸಿದವರಿಗೆ 2 ಪೌಂಡು! ಪೀಟರ್ಲೂ ಮೈದಾನದಲ್ಲಿ ಪೆಟ್ಟು ತಿಂದವಳ ಮೊಮ್ಮಗನಲ್ಲದೆ ಬೇರೆ ಯಾರು ಹಾಗೆ ಬರೆಯಬಲ್ಲರು?

ತೊರೆದುಹೋದ ಮಗುವೆಂದಾಗ ನಮ್ಮ ಮನೆಯ ಮಾತಿಗೆ ಬರಬೇಕಾಯಿತು. 1876ರಲ್ಲಿ ನಮ್ಮ ಸೀಮೆಗೆ ಮಳೆ ಕೈಕೊಟ್ಟಿತು. ಅಯ್ಯನಕೆರೆ, ಮದಗದಕೆರೆಗಳ ಸೀಮೆ ನಮ್ಮದು. ಮಳೆಯನ್ನು ಪೂರ್ತಿ ನಂಬಲಾಗದೆಯೇ ಹಿಂದಿನವರು ಇಷ್ಟು ಕೆರೆಗಳನ್ನು ಕಟ್ಟಿದ್ದು. ಪಶ್ಚಿಮದ ಬೆಟ್ಟದ ಸಾಲಿನಲ್ಲಿ ಸುರಿಯುವ ಮೋಡ ಕಡೂರು, ಅಜ್ಜಂಪುರಗಳ ಬಯಲಿಗೆ ಬರುವ ಹೊತ್ತಿಗೆ ಹಗುರವಾಗಿಬಿಡುತ್ತದೆ. ಅಂದು ಅಷ್ಟೂ ಬರಲಿಲ್ಲ. ಎರಡು ವರ್ಷ ಎಳೆದ ಆ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಆ ಸಂವತ್ಸರಗಳ ಹೆಸರಿನಿಂದಲೇ ಕರೆದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರ ಎಣಿಕೆಯಲ್ಲಿ 41,86,188ಕ್ಕೆ ಇಳಿದಿತ್ತು. ಮಲೆನಾಡು ಬಹುಮಟ್ಟಿಗೆ ಪಾರಾಯಿತು. ಏಟು ಬಿದ್ದದ್ದು ಬಯಲುಸೀಮೆಯ ಮೇಲೆ. ಆದುದರಿಂದ ಜನ ಗುಳೆ ಎದ್ದು ಬೆಟ್ಟದ ಕಡೆಗೆ ನಡೆದರು. ಬಯಲಿಗೂ ಮಲೆಗೂ ನಡುವಣ ಹೊಸ್ತಿಲಿನಂತಿರುವ ನಮ್ಮ ತರೀಕೆರೆಯ ಬೀದಿಯಲ್ಲಿ ಹೀಗೆ ಹಾದುಹೋದವರು ಯಾರೋ, ಒಂದು ಮುಂಜಾನೆ, ಒಂದು ಮನೆಯ ಜಗಲಿಯ ಮೇಲೆ ನಾಲ್ಕೈದು ವರ್ಷದ ಹೆಣ್ಣುಮಗುವನ್ನು ಬಿಟ್ಟುಹೋದರು. ಮನೆಯವರು ಅದಕ್ಕೆ ರಾಗಿಯ ಗಂಜಿ ಕುಡಿಸಿದರು, ಉಳಿಯಿತು. ಸಂವತ್ಸರದ ಹೆಸರನ್ನೇ ಅದಕ್ಕೂ ಇಟ್ಟರು. ಆ ಮಗು ನನ್ನ ಅಜ್ಜಿಯ ತಾಯಿ. ಕೊನೆಯವರೆಗೂ ಆಕೆಗೆ ತನ್ನ ಹಿಂದಿನದೆಂದು ನೆನಪಿದ್ದದ್ದು ಎರಡೇ: ಬೇಲಿಯ ಪಕ್ಕದ ಒಂದು ಬೇವಿನ ಮರ, ಮತ್ತು ಒಂದು ಬಿಳಿಯ ಎತ್ತು. ಅಜ್ಜಂಪುರದ ಅಮೃತಮಹಲ್ ದನಗಳನ್ನು ಕಂಡಾಗಲೆಲ್ಲ, "ಇಂಥದೇ ಒಂದಿತ್ತು" ಎನ್ನುತ್ತಿದ್ದಳಂತೆ. ಊರಿನ ಹೆಸರಿಲ್ಲ; ತಂದೆತಾಯಿಯ ಮುಖವಿಲ್ಲ.

ಆ 1877ನೆಯ ಇಸವಿಯಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಗಳು ನಮ್ಮ ದೇಶದ ಚಿತ್ರಗಳಿಂದ ತುಂಬಿದ್ದವು. ವರ್ಷದ ಆರಂಭದಲ್ಲಿ ದೆಹಲಿಯ ದರ್ಬಾರು: ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿಯಾದ ಸಂಭ್ರಮ; ಆನೆ, ಅಂಬಾರಿ, ಕೊಡೆ, ಚಾಮರ. ವರ್ಷದ ಕೊನೆಯ ಕಡೆಗೆ ಬರಗಾಲ. ಅಕ್ಟೋಬರ್ 20ರ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತವರ ಚಿತ್ರವನ್ನು ಅಚ್ಚುಹಾಕಿತು. ಅದೇ ತಿಂಗಳು 'ಗ್ರಾಫಿಕ್' ಬಳ್ಳಾರಿ ಜಿಲ್ಲೆಯ ತಬ್ಬಲಿ ಮಕ್ಕಳಿಬ್ಬರ ಚಿತ್ರವನ್ನೂ, ಜನರೊಡನೆ ಸಾಯುತ್ತಿದ್ದ ದನಗಳ ಚಿತ್ರವನ್ನೂ ಹಾಕಿತು. ಲಂಡನ್ನಿನ ಮೇಯರು ಆಗಸ್ಟಿನಲ್ಲಿ ತೆರೆದ ನಿಧಿಗೆ ಆರು ಲಕ್ಷ ಪೌಂಡಿಗೂ ಮಿಕ್ಕ ಹಣ ಬಂತು. ಅದರಲ್ಲಿ ಒಂದು ಪಾಲು ಮೈಸೂರು ಸೀಮೆಯ ರೈತರಿಗೂ ಬಿತ್ತನೆಗೆಂದು, ಎತ್ತಿಗೆಂದು ದೊರೆಯಿತು. ಚಿತ್ರಗಳಿಂದಲೇ ಹಣ ಬಂತೆಂದು ಹೇಳಲಾಗದು. ಆದರೆ ಏಳು ಸಾವಿರ ಮೈಲಿಯಾಚೆ, ಎಂದೂ ಕಾಣದ ಊರಿನ ಹಸಿವಿಗೆ ಒಂದು ರೂಪ ಬಂದದ್ದು ಆ ಮರದ ತುಂಡುಗಳಿಂದ.

ಇಷ್ಟಾದರೂ ಬೆಂಗಳೂರು ಏಕೆ, ಬಳ್ಳಾರಿ ಏಕೆ? ಆ ಎರಡೂ ಊರುಗಳಿಗೆ ಆಗಲೇ ರೈಲಿತ್ತು. ಧಾನ್ಯದ ಮೂಟೆ ಇಳಿಯುವ ಕಡೆಗೇ ಹಸಿದವರು ಬಂದರು. ಹಸಿದವರನ್ನು ನೋಡುವ ಕಣ್ಣೂ ಅಲ್ಲಿಗೇ ಬಂತು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಪೂರ್ಣವಾದದ್ದು 1889ರಲ್ಲಿ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗದ ಹಾದಿ 1899ರಲ್ಲಿ. ಬರಕ್ಕೂ ರೈಲಿಗೂ ನಡುವೆ ಹನ್ನೆರಡು ವರ್ಷದ ಅಂತರ. ಆ ಅಂತರದೊಳಗೆ ಬಿದ್ದುಹೋದದ್ದು ಬರಿಯ ಧಾನ್ಯವಲ್ಲ. ಸತ್ತವರ ಮುಖಗಳೂ ಬಿದ್ದುಹೋದುವು.

ಆ ಬೆಂಗಳೂರಿನ ಚಿತ್ರವನ್ನು ಫೈಲ್ಡ್ಸನ ಸಾಲಿನ ಪಕ್ಕದಲ್ಲಿಟ್ಟು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡೂ ಕಾಯುವವರ ಚಿತ್ರಗಳೇ. ಒಂದರಲ್ಲಿ ಚಳಿ, ಇನ್ನೊಂದರಲ್ಲಿ ಬಿಸಿಲು. ಆದರೆ ಲಂಡನ್ನಿನ ಸಾಲಿನಲ್ಲಿ ಒಬ್ಬೊಬ್ಬನಿಗೂ ಒಂದು ಕಥೆಯಿದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಹಸಿವೊಂದೇ ಕಥೆ. ಅವರು ಒಂದು ವರ್ಷದ ಹಿಂದೆ ರಾಗಿ ಬಿತ್ತಿದವರು, ಮಗ್ಗ ಹೂಡಿದವರು, ಮಗಳ ಮದುವೆಗೆ ದಿನ ನೋಡಿದವರು ಎಂಬುದು ಚಿತ್ರದಲ್ಲಿಲ್ಲ. ಫೈಲ್ಡ್ಸನ ಹೆಸರು ಅವನ ಚಿತ್ರದೊಡನೆ ಉಳಿಯಿತು. ಬೆಂಗಳೂರಿನ ಚಿತ್ರವನ್ನು ನಾವು ಪತ್ರಿಕೆಯ ಹೆಸರಿನಿಂದ, ತಾರೀಖಿನಿಂದ ಗುರುತಿಸುತ್ತೇವೆಯೇ ಹೊರತು ಬರೆದವನ ಹೆಸರಿನಿಂದಲ್ಲ. ಕಾದವರಿಗೂ ಹೆಸರಿಲ್ಲ, ಬರೆದವನಿಗೂ ಹೆಸರಿಲ್ಲ. ಹಾಗೆಂದು ಆ ಚಿತ್ರವನ್ನು ಹಳಿಯಲಾರೆ. ಅದೂ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಬಲ್ಲ ಸೀಮೆ ನಮ್ಮದು.

ಅದೇ 1877ರ ಕ್ರಿಸ್‌ಮಸ್ ಬೆಳಗ್ಗೆ ಫೈಲ್ಡ್ಸನ ಮೊದಲ ಮಗ, ಇನ್ನೂ ಹಸುಳೆ, ತೀರಿಕೊಂಡ. ರಾತ್ರಿಗಳನ್ನು ಲೆಕ್ಕಿಸದೆ ಮಗುವಿನ ಪಕ್ಕದಲ್ಲಿ ಕುಳಿತಿದ್ದ ಡಾಕ್ಟರ ನೆನಪು ತಂದೆಯ ಮನಸ್ಸಿನಲ್ಲಿ ಉಳಿಯಿತು. ಹದಿಮೂರು ವರ್ಷಗಳ ಮೇಲೆ, ಸಕ್ಕರೆಯ ವ್ಯಾಪಾರಿ ಹೆನ್ರಿ ಟೇಟ್ ಒಂದು ದೊಡ್ಡ ಚಿತ್ರ ಬೇಕೆಂದಾಗ, ಫೈಲ್ಡ್ಸ್ ತನ್ನ ಚಿತ್ರಶಾಲೆಯೊಳಗೇ ಬೆಸ್ತನ ಗುಡಿಸಲೊಂದನ್ನು ಕಟ್ಟಿಸಿ, ಕಿಟಕಿಯಿಟ್ಟು, ಆ ರಾತ್ರಿಯನ್ನು ಮತ್ತೆ ಬರೆದ. ಒಂದು ವ್ಯತ್ಯಾಸ ಮಾಡಿದ: ಕಿಟಕಿಯಲ್ಲಿ ಬೆಳಗಾಗುತ್ತದೆ. ತನ್ನ ಮನೆಯಲ್ಲಿ ಉಳಿಯದ ಮಗುವನ್ನು ಬಡವರ ಮನೆಯಲ್ಲಿ ಉಳಿಸಿದ. 1891ರಲ್ಲಿ ಪ್ರದರ್ಶಿತವಾದ ಆ 'ಡಾಕ್ಟರ್' ಚಿತ್ರದ ಅಚ್ಚಿನ ಪ್ರತಿಗಳು ಲೋಕವನ್ನೆಲ್ಲ ಸುತ್ತಿದುವು. 1947ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಅದರ ಒಂದು ಪ್ರತಿ ತರೀಕೆರೆಗೆ ಬಂದು ಔಷಧದ ಕಿಟಕಿಯ ಪಕ್ಕದಲ್ಲಿ ನಿಂತಿತ್ತು.

ಆಮೇಲಿನ ಕಥೆ ಚಿಕ್ಕದು. ಫೈಲ್ಡ್ಸ್ ಏಳನೆಯ ಎಡ್ವರ್ಡ್ ದೊರೆಯ, ಅಲೆಕ್ಸಾಂಡ್ರಾ ರಾಣಿಯ, ಐದನೆಯ ಜಾರ್ಜ್ ದೊರೆಯ ಅಧಿಕೃತ ಭಾವಚಿತ್ರಗಳನ್ನು ಬರೆದ. 1906ರಲ್ಲಿ ಸರ್ ಪದವಿ ಪಡೆದ. 1927ರಲ್ಲಿ, ತುಂಬು ವಯಸ್ಸಿನಲ್ಲಿ, ಸಿರಿವಂತನಾಗಿ ತೀರಿಕೊಂಡ. ಪೀಟರ್ಲೂ ಅಜ್ಜಿಯ ಮೊಮ್ಮಗ ಅರಸರ ಮುಂದೆ ಕುಂಚ ಹಿಡಿದು ನಿಂತದ್ದು ಕೆಲವರಿಗೆ ಸರಿಕಾಣಲಿಲ್ಲ. ನನಗೆ ಅದರ ಬಗ್ಗೆ ದೂರಿಲ್ಲ; ಹೊಟ್ಟೆಪಾಡು, ಹೆಂಡತಿ ಮಕ್ಕಳು ಎಲ್ಲರಿಗೂ ಉಂಟು. ಆದರೆ ಕಾಲವೆಂಬುದು ತನ್ನದೇ ಲೆಕ್ಕವಿಟ್ಟಿರುತ್ತದೆ. ಕಿರೀಟದ ಚಿತ್ರಗಳನ್ನು ಇಂದು ನೆನೆಯುವವರು ಕಡಿಮೆ. ಉಳಿದಿರುವುದು ಒಂದು ಸಾಲು, ಒಂದು ಕುರ್ಚಿ, ಒಂದು ಕಾಯಿಲೆಯ ಮಗು. ಮೂರರಲ್ಲಿ ಎರಡನ್ನು ಅವನು ಬರೆದದ್ದು ವಾರಕ್ಕೊಮ್ಮೆ ಬಂದು ಹಳತಾಗಿಹೋಗುವ ಪತ್ರಿಕೆಗಾಗಿ. ಮೂರನೆಯದನ್ನು ಬರೆದದ್ದು ಆ ಪತ್ರಿಕೆ ಕಲಿಸಿದ ಕಣ್ಣಿನಿಂದ.

ಕೆಲವು ತಿಂಗಳ ಹಿಂದೆ ಅಜ್ಜಂಪುರದ ನಿಲ್ದಾಣದಲ್ಲಿ ರೈಲಿಗಾಗಿ ಕಾದು ಕುಳಿತಿದ್ದೆ. ಕಲ್ಲುಬೆಂಚಿನ ಮೇಲೆ ಈರುಳ್ಳಿಯ ಚೀಲವನ್ನು ಕಾಲಿಗೆ ಒತ್ತಿಕೊಂಡ ಒಬ್ಬ ರೈತ, ತಾಯಿಯ ತೊಡೆಯ ಮೇಲೆ ನಿದ್ದೆಹೋದ ಹುಡುಗಿ, ಊರುಗೋಲಿನ ಮೇಲೆ ಗದ್ದವೂರಿದ ಒಬ್ಬ ಮುದುಕಿ. ಯಾರ ಮುಖವೂ ಇನ್ನೊಬ್ಬರದರಂತಿರಲಿಲ್ಲ. ಇವರಲ್ಲಿ ಯಾರೋ ನನ್ನ ಮುತ್ತಜ್ಜಿಯ ಒಡಹುಟ್ಟಿದವರ ಸಂತಾನವಾಗಿರಬಾರದೇಕೆ ಎಂದು ಒಂದು ಗಳಿಗೆ ಅನ್ನಿಸಿತು. ಕೇಳುವುದಾದರೂ ಏನನ್ನು? ನಿಮ್ಮ ಹಿತ್ತಲಲ್ಲಿ ಬೇವಿನ ಮರವಿತ್ತೇ, ಒಂದು ಬಿಳಿಯ ಎತ್ತಿತ್ತೇ ಎಂದು ಕೇಳಬೇಕು. ಆ ಹುಡುಗಿ ಎಚ್ಚರಗೊಂಡು ನನ್ನತ್ತ ನೋಡಿತು. ಅಷ್ಟರಲ್ಲಿ ರೈಲು ಬಂತು.